ಪೂಜೆ ಮುಗಿದ ಮೇಲಿನ ಹನಿ

ಹೋದ ವಾರ ನನ್ನ ಕಣ್ಣಿಗೆ ಮೊದಲ ಹನಿ ಬಿಟ್ಟುಕೊಂಡೆ. ಉರಿಯನ್ನು ಹೇಗೋ ತಡೆದುಕೊಂಡೆ. ಆದರೆ ಗಳಿಗೆ ಬಿಟ್ಟು ಗಂಟಲಿಗೆ ಇಳಿದ ಆ ಕಹಿ... ಕಣ್ಣಿಗೆ ಹಾಕಿದ್ದು ನಾಲಿಗೆಗೆ ಹೇಗೆ ಬಂತಪ್ಪಾ ಎನ್ನುವಷ್ಟರಲ್ಲಿ ಖಾನಾಪುರದ ಆಯಿ ನೆನಪಾದರು. ಹನಿ ಹಾಕಿಸಿಕೊಂಡ ಕೂಡಲೇ ಅವರು ಬೆಲ್ಲದ ಚೂರಿಗೆ ಕೈಚಾಚುತ್ತಿದ್ದರು. ಸಣ್ಣ ಹುಡುಗರ ಹಾಗೆ ಮಾಡುತ್ತೀರಲ್ಲ ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ಆ ಕಹಿ ಏನೆಂದು ನನಗೆ ತಿಳಿಯಲು ಹದಿನೇಳು ವರ್ಷ ಬೇಕಾಯಿತು.

ಆಯಿ ನನ್ನ ಮನೆ ಮಾಲಕಿ. ಬೆಳಗಾವಿಯ ವಡಗಾವಿಯಲ್ಲಿದ್ದ ನಮ್ಮ ಮನೆ ಬಿಟ್ಟು ಖಾನಾಪುರದ ಶಾಲೆಗೆ ಪಾಠ ಹೇಳಲು ಹೋದಾಗ ಅವರ ಮುಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೆ. ಓಣಿಯವರೊಂದಿಗೆ ಮರಾಠಿ, ನನ್ನೊಂದಿಗೆ ಕನ್ನಡ, ಬೆಕ್ಕಿನೊಂದಿಗೆ ಎರಡೂ ಮಾತಾಡುತ್ತಿದ್ದರು. ನನಗಿಂತ ಮೂವತ್ತು ವರ್ಷ ದೊಡ್ಡವರಾದರೂ ಶಿಕ್ಷಕಿ ಎಂಬ ಗೌರವಕ್ಕೆ ನನ್ನನ್ನು ‘ಅಕ್ಕೋರ’ ಎಂದೇ ಕರೆಯುತ್ತಿದ್ದರು. ಈಗ ನನಗೆ ಬಂದಿರುವ ಗ್ಲಾಕೋಮಾ ಆಗ ಅವರಿಗಿತ್ತು. ಕಣ್ಣಿನೊಳಗೆ ಒತ್ತಡ ಹೆಚ್ಚಿದೆ, ಆಗಲೇ ತಡವಾಗಿದೆ, ಎರಡು ಹೊತ್ತು ಹನಿ ತಪ್ಪಿಸಬಾರದು ಎಂದು ಬೆಳಗಾವಿಯ ಡಾಕ್ಟರು ಹೇಳಿದ್ದರು. ಆಯಿಯ ಕೈ ನಡುಗುತ್ತಿತ್ತು, ಹಾಗಾಗಿ ಹಾಕುವ ಕೆಲಸ ನನ್ನದಾಯಿತು.

ತೊಡಕು ಬಂದದ್ದು ಪೂಜೆಯಲ್ಲಿ. ಆಯಿ ಮುಂಜಾನೆ, ಸಂಜೆ ವಿಭೂತಿ ಹಚ್ಚಿಕೊಂಡು, ಎಡಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಕೂತರೆ ಅರ್ಧ ಗಂಟೆ ಕಣ್ಣು ಕೀಳುತ್ತಿರಲಿಲ್ಲ. ದೀಪದ ಬೆಳಕಿನಲ್ಲಿ ಆ ಕಪ್ಪು ಲಿಂಗವನ್ನು ದಿಟ್ಟಿಸುವುದೇ ಅವರ ಪೂಜೆ. ಗಂಡ ಹೋದ ಮೇಲೆ ತನ್ನದು ಅಂತ ಉಳಿದದ್ದು ಅದೊಂದೇ ಎನ್ನುತ್ತಿದ್ದರು. ಹನಿ ಬಿದ್ದರೆ ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು, ಲಿಂಗ ಮಸುಕಾಗುತ್ತಿತ್ತು.

“ಪೂಜಿ ಮುಗದ ಮ್ಯಾಲ ನಾನಽ ಹಾಕ್ಕೋತೇನ್ರೀ ಅಕ್ಕೋರ,” ಎಂದರು ಒಂದು ದಿನ.

ಬಾಟಲಿ ಅವರ ಕೈಗೆ ಕೊಟ್ಟುಬಿಟ್ಟೆ. ಸುಳ್ಳೇಕೆ ಹೇಳಲಿ, ಮುಂಜಾನೆ ಇನ್ನಷ್ಟು ಹೊತ್ತು ಮಲಗಬಹುದಲ್ಲ ಎಂದು ಖುಷಿಯೇ ಆಗಿತ್ತು.

ತಿಂಗಳು ಮುಗಿದರೂ ಬಾಟಲಿ ಮುಗಿಯಲಿಲ್ಲ. ಕೇಳಿದರೆ, ಮುಂಜಾನೆ ಹಾಕಿಕೊಂಡರೆ ಸಂಜೆತನಕ ಉರಿಯುತ್ತದೆ, ಸಂಜೆಯ ಪೂಜೆಯೂ ಕೆಡುತ್ತದೆ ಎಂದರು. ಹನಿ ಹಾಕುವುದು ನಿಲ್ಲಿಸಿದ ಮೇಲೆ ಲಿಂಗ ಎಷ್ಟು ಚೊಕ್ಕ ಕಾಣುತ್ತಿದೆ ಎಂದು ನನಗೇ ಸಮಾಧಾನ ಹೇಳಿದರು. ಈ ರೋಗ ಮೊದಲು ಅಂಚಿನ ನೋಟವನ್ನು ತಿನ್ನುತ್ತದೆ, ನೇರ ಎದುರಿನದನ್ನು ಕೊನೆಗೆ ಮುಟ್ಟುತ್ತದೆ ಎಂಬುದು ನಮಗಿಬ್ಬರಿಗೂ ಗೊತ್ತಿರಲಿಲ್ಲ. ಬಾಜೂಕಿಟ್ಟ ಚಹಾದ ಕಪ್ಪನ್ನು ಒದೆಯುತ್ತಿದ್ದರು, ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಳ್ಳುತ್ತಿದ್ದರು. ವಯಸ್ಸಾಯಿತು ಎಂದು ಇಬ್ಬರೂ ನಗುತ್ತಿದ್ದೆವು...

ಮತ್ತೆ ತೋರಿಸಲು ಬೆಳಗಾವಿಗೆ ರೈಲಿನಲ್ಲಿ ಹೋದೆವು. ಡಾಕ್ಟರ ಮುಂದೆ ನನ್ನ ಮಾನ ಕಳೆಯಬೇಡಿ ಎಂದು ಆಯಿ ದಾರಿಯಲ್ಲೇ ಕೈ ಹಿಡಿದು ಕೇಳಿಕೊಂಡಿದ್ದರು. ದಿನಾ ಹನಿ ಹಾಕುತ್ತೀರಾ ಎಂದು ಡಾಕ್ಟರು ಕೇಳಿದಾಗ ಆಯಿ ನನ್ನ ಮುಖ ನೋಡಿದರು.

“ಹೌದ್ರೀ ಸರ್, ನಾನಽ ಹಾಕ್ತೇನಿ,” ಎಂದೆ.

ಹಾಕಿಯೂ ಒತ್ತಡ ಇಳಿದಿಲ್ಲವಲ್ಲ ಎಂದು, ಪಾಪ, ಡಾಕ್ಟರು ಇನ್ನೊಂದು ಬಾಟಲಿ ಬರೆದುಕೊಟ್ಟರು. ಅದು ಮೊದಲಿನದಕ್ಕಿಂತ ಉರಿ. ವಾರದೊಳಗೆ ಎರಡೂ ಬಾಟಲಿ ಗೋಡೆಯ ಗೂಡು ಸೇರಿದವು. ನೋಡಿಯೂ ಸುಮ್ಮನಿದ್ದೆ. ಹೇಳಿದರೆ ನನ್ನ ಸುಳ್ಳು ಹೊರಬೀಳುತ್ತಿತ್ತಲ್ಲ.

ಎರಡನೇ ವರ್ಷದ ಶ್ರಾವಣದಲ್ಲಿ ಒಂದು ಮುಂಜಾನೆ, ಪೂಜೆಗೆ ಕೂತ ಆಯಿ ಅರ್ಧಕ್ಕೇ ಎದ್ದರು. ಗೋಡೆ ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದು ನಿಂತರು. ಕೈಯಲ್ಲಿ ಆ ಎರಡೂ ಬಾಟಲಿ.

“ಲಿಂಗ ಕಾಣವಲ್ದು... ಹನಿ ಹಾಕ್ರಿ ಅಕ್ಕೋರ.”

ಅವತ್ತೇ ಬೆಳಗಾವಿಗೆ ಕರೆದೊಯ್ದೆ. ಹೋದ ನೋಟ ಮರಳುವುದಿಲ್ಲ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ಅದನ್ನೂ ನಾನು ಆಯಿಗೆ ಹೇಳಲಿಲ್ಲ. ವರ್ಗವಾಗುವ ತನಕ ಎರಡು ಹೊತ್ತು ತಪ್ಪದೆ ಹನಿ ಹಾಕಿದೆ. ಆಯಿ ಒಮ್ಮೆಯೂ ಉರಿಯುತ್ತದೆ ಎನ್ನಲಿಲ್ಲ, ಬೆಲ್ಲ ಕೇಳಲಿಲ್ಲ. ಪೂಜೆಯ ಹೊತ್ತಿಗೆ ಹೆಬ್ಬೆರಳಿನಿಂದ ಲಿಂಗವನ್ನು ಸವರುತ್ತ ಕೂರುತ್ತಿದ್ದರು. ನಾನು ಬೆಳಗಾವಿಗೆ ಮರಳಿದ ಮೂರನೇ ವರ್ಷ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಪದ್ಧತಿಯಂತೆ ಲಿಂಗವನ್ನು ಅವರ ಅಂಗೈಯಲ್ಲೇ ಇಟ್ಟು ಮಣ್ಣು ಕೊಟ್ಟರು.

ನಿನ್ನೆ ನನ್ನ ಡಾಕ್ಟರಮ್ಮನ ಹತ್ತಿರ ಹೋಗಿ ಉರಿ, ಕೆಂಪು, ಕಹಿ, ಎಲ್ಲ ಹೇಳಿದೆ. ಹನಿ ಬಿಟ್ಟ ಮೇಲೆ ಕಣ್ಣು ಮುಚ್ಚಿ, ಮೂಗಿನ ಕಡೆಯ ಮೂಲೆಯನ್ನು ಎರಡು ನಿಮಿಷ ಬೆರಳಿನಿಂದ ಒತ್ತಿ ಹಿಡಿಯುವುದನ್ನು ಕಲಿಸಿದರು. ಗಂಟಲಿಗೆ ಅಷ್ಟಾಗಿ ಇಳಿಯುವುದಿಲ್ಲವಂತೆ.

“ಉರದ್ರ ಬಿಡಬ್ಯಾಡ್ರಿ, ಬಂದು ಹೇಳ್ರಿ. ಬ್ಯಾರೆ ಹನಿ ಕೊಡ್ತೇನಿ,” ಎಂದು ಚೀಟಿಯಲ್ಲಿ ಬೇರೆ ಹೆಸರು ಬರೆದರು. ಒಂದು ನಿಮಿಷವೂ ಹಿಡಿಯಲಿಲ್ಲ.

ಇವತ್ತು ಮುಂಜಾನೆ ಹೊಸ ಹನಿ ಬಿಟ್ಟುಕೊಂಡು, ಮೂಲೆ ಒತ್ತಿಕೊಂಡು ಕೂತೆ. ಉರಿಯಲಿಲ್ಲ. ಕಹಿಯೂ ಬರಲಿಲ್ಲ. ತೆಗೆದಿಟ್ಟ ಬೆಲ್ಲದ ಚೂರು ಹಾಗೇ ಉಳಿಯಿತು. ಅವತ್ತು ಡಾಕ್ಟರ ಮುಂದೆ ಆಯಿ ನನ್ನ ಮುಖ ನೋಡಿದಾಗ, ಇಲ್ಲರೀ ಸರ್, ಉರಿಯುತ್ತದೆಂದು ಹಾಕಿಲ್ಲ ಎಂದು ಒಂದು ಮಾತು ಹೇಳಿದ್ದರೆ, ಆಯಿಯ ಲಿಂಗ ಆಯಿಗೆ ಕೊನೆತನಕ ಕಾಣುತ್ತಿತ್ತೇನೋ.