ಕುಂಕುಮ ಇಡಬಾರದ ಜಾಗ

ಆಯುಧಪೂಜೆಯ ದಿನ ಕುಂಕುಮದ ಬಟ್ಟಲು ಕೈಗೆ ಬಂದರೆ ಎಲ್ಲಿ ನಿಲ್ಲಿಸಬೇಕೆಂದು ನನಗೆ ತಿಳಿಯುವುದಿಲ್ಲ. ಸ್ಪ್ಯಾನರು, ಜಾಕು, ಗ್ರೀಸಿನ ಡಬ್ಬಿ, ಕೊನೆಗೆ ಬಾಗಿಲ ಚಿಲಕ. ಜಯನಗರದ ನಮ್ಮ ಕಾರು ರಿಪೇರಿಯ ಶೆಡ್ಡಿನಲ್ಲಿ ಅಂದು ಬೊಟ್ಟಿಲ್ಲದೆ ಉಳಿಯುವುದು ಬೆಕ್ಕು ಮಾತ್ರ, ಅದೂ ಓಡಿಹೋಗುವುದರಿಂದ. ನಾಲ್ಕನೆಯ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವನ ಭಕ್ತಿ ಇಷ್ಟು ಧಾರಾಳವಾಗಿರುವುದು ಸಹಜವೆಂದು ನೀವು ಕ್ಷಮಿಸಬಹುದು. ಆತುರ ಬೇಡ, ಪೂರ್ತಿ ಕೇಳಿದ ಮೇಲೆ ಕ್ಷಮಿಸಿ.

ನಿವೃತ್ತ ಇಂಜಿನಿಯರ್ ರಾಮರಾಯರ ಬಳಿ ಪರದೇಶದ ಹಳೆಯ ಸ್ಪೋರ್ಟ್ಸ್ ಕಾರೊಂದಿದೆ. ಎಂಜಿನ್ ಹಿಂದೆ, ಡಿಕ್ಕಿ ಮುಂದೆ. ಹನಿ ನೀರನ್ನೂ ಬೇಡದೆ ಬರಿಯ ಗಾಳಿಯಿಂದಲೇ ತಣ್ಣಗಾಗುವ ತಪಸ್ವಿ. ಹೋದ ವರ್ಷ ಅದು ಕೆಮ್ಮತೊಡಗಿದಾಗ ರಾಯರು ಕಾರಿನ ಜೊತೆಗೆ ಒಂದು ಬಿಸ್ಕತ್ತಿನ ಡಬ್ಬಿಯನ್ನೂ ತಂದರು. ಅದರ ತುಂಬ ಕಿಡಿ ಹುಟ್ಟಿಸುವ ಸಾಮಾನು: ಪ್ಲಗ್ಗು, ಕಂಡೆನ್ಸರು, ಪಾಯಿಂಟು, ಜೀವವಿದ್ದವೂ ಸತ್ತವೂ ಬೆರೆತು ಬಿದ್ದಿದ್ದವು. ನಾನು ಇಣುಕಿ ನೋಡಿ ಮುಚ್ಚಳ ಹಾಕಿದೆ. ನನ್ನ ತಂಗಿ ನಾಗು, ಅಮ್ಮ ಮೂಲೆಗೆಸೆದಿದ್ದ ಇಡ್ಲಿ ತಟ್ಟೆಯನ್ನು ತಂದು, ಒಂದೊಂದು ಗುಳಿಗೆ ಒಂದೊಂದು ಬಗೆಯೆಂದು ವಿಂಗಡಿಸುತ್ತ, ಕಾರಿನ ಪುಸ್ತಕದ ಚಿತ್ರಗಳೊಡನೆ ತಾಳೆ ನೋಡುತ್ತ ಮೂರು ದಿನ ಕುಳಿತಳು. ಪಾಯಿಂಟೆಂದರೆ ಎರಡು ಪುಟ್ಟ ಲೋಹದ ಮೂತಿಗಳು. ಅವು ಪರಸ್ಪರ ಮುಟ್ಟಿ ಮತ್ತೆ ದೂರವಾದರಷ್ಟೇ ಕಿಡಿ. ಅವುಗಳ ನಡುವಿನ ಕೂದಲೆಳೆಯ ಅಂತರವನ್ನು ಅವಳು ಹೊಂದಿಸಿದ್ದು ಹೇಗೆಂದರೆ, ಕಾರು ಕೆಮ್ಮು ಮರೆತು ಶ್ರುತಿ ಸೇರಿದ ತಂಬೂರಿಯಂತೆ ಗುನುಗಿತು. ಬನಶಂಕರಿಯ ಕಡೆಯಿಂದಲೂ ಮೆಕ್ಯಾನಿಕ್ಕುಗಳು ಬಂದು ಕೇಳಿ ಹೋದರು. ಎದೆ ಉಬ್ಬಿಸಿ ನಿಂತಿದ್ದವನು ಮಾತ್ರ ನಾನು.

ಮರುದಿನವೇ ಆಯುಧಪೂಜೆ. ಕಾರಿನ ಹೊರಗಷ್ಟೇ ಬೊಟ್ಟಿಟ್ಟರೆ ಸಾಲದು, ತಂಗಿ ದುಡಿದ ಜಾಗಕ್ಕೇ ಇಡಬೇಕೆನಿಸಿತು. ಅವಳು ಆರತಿ ತಟ್ಟೆ ತರಲು ಒಳಗೆ ಹೋದಾಗ ಪಾಯಿಂಟಿನ ಮೇಲಿನ ಮುಚ್ಚಳ ತೆಗೆದು, ಗಂಧದಲ್ಲಿ ಕಲಸಿದ ಕುಂಕುಮವನ್ನು ಆ ಮೂತಿಗಳಿಗೇ ಹಚ್ಚಿ, ಏನೂ ಅರಿಯದವನಂತೆ ಮುಚ್ಚಿದೆ.

ವಿಜಯದಶಮಿಯ ಬೆಳಿಗ್ಗೆ ಕಾರು ಒಯ್ಯಲು ಬಂದ ರಾಯರು ಸೆಲ್ಫ್ ಹೊಡೆದೇ ಹೊಡೆದರು. ಎಂಜಿನ್ ತಿರುಗಿತೇ ಹೊರತು ಹತ್ತಲಿಲ್ಲ.

"ಏನಯ್ಯಾ ಇದು? ಅಡಿಗೆಮನೇಲಿ ಇರಬೇಕಾದೋರ ಕೈಗೆ ಕೊಟ್ಟಿದ್ದು ನನ್ನದೇ ತಪ್ಪು!"

ಬಟ್ಟಲು ನನ್ನ ಕಣ್ಣ ಮುಂದೆ ಬಂತು. ಬಾಯಿಗೆ ಬಂದದ್ದು ಬೇರೆ. "ಹುಡುಗಿ ಅಲ್ವಾ ಸಾರ್, ಏನೋ ಎಡವಟ್ಟು ಮಾಡಿರ್ತಾಳೆ."

"ಜೋಡಿಸಿದ್ದು ನಾನೇ, ನಾನೇ ನೋಡ್ತೀನಿ ಸಾರ್," ಎಂದಳು ನಾಗು. ಮುಚ್ಚಳ ತೆಗೆದಳು. ಒಣಗಿದ ಕೆಂಪನ್ನು ಕಂಡಳು, ಅನಂತರ ನನ್ನನ್ನು. ಮೂತಿಗಳನ್ನು ಒರೆಸಿ ಮುಚ್ಚಿದಳು. ಒಂದೇ ಸಲಕ್ಕೆ ಎಂಜಿನ್ ಹತ್ತಿತು.

"ಏನಾಗಿತ್ತಮ್ಮಾ?"

"ಧೂಳು ಕೂತಿತ್ತು ಸಾರ್."

"ಇನ್ಮೇಲೆ ನೀನು ಮಾಡಿದ್ದನ್ನ ನಿಮ್ಮಣ್ಣ ಒಂದು ಸಲ ನೋಡ್ಲಿ," ಎಂದು ರಾಯರು ಕಾರಿನ ಇನ್ನೊಂದು ಕೀಲಿಯನ್ನು ನನ್ನ ಕೈಗಿಟ್ಟರು. ಅಂದಿನಿಂದ ಒಂದು ವರ್ಷ, ನಾಗು ಕೂಡಿಸಿದ್ದನ್ನೆಲ್ಲ ಅದರ ತಲೆಬುಡ ತಿಳಿಯದ ನಾನು ಬಗ್ಗಿ ನೋಡಿ, ಗಂಭೀರವಾಗಿ ತಲೆಯಾಡಿಸಿ ಪಾಸು ಮಾಡಿದೆ. ಅವಳು ಒಮ್ಮೆಯೂ ಬಾಯಿ ಬಿಡಲಿಲ್ಲ. ಬೈದಿದ್ದರೆ ನಾನು ಇಷ್ಟು ಸಣ್ಣವನಾಗುತ್ತಿರಲಿಲ್ಲ.

ಈ ಸಲದ ಪೂಜೆಗೆ ರಾಯರು ಬಂದಾಗ, ನಾನು ಕುಂಕುಮದ ಬಟ್ಟಲು ಹಿಡಿದೇ ಅವರೆದುರಿಗೆ ಹೋದೆ. "ಸಾರ್, ಹೋದ ವರ್ಷ ಕೂತಿದ್ದು ಧೂಳಲ್ಲ, ನಾನಿಟ್ಟ ಕುಂಕುಮ," ಎಂದುಬಿಟ್ಟೆ. ರಾಯರು ಆ ಕೀಲಿಯನ್ನು ನನ್ನಿಂದ ತೆಗೆದುಕೊಂಡು, "ತಪ್ಪಾಯ್ತಮ್ಮ," ಎನ್ನುತ್ತ ನಾಗುವಿಗೆ ಕೊಟ್ಟರು.

ಬಟ್ಟಲನ್ನೂ ಅವಳಿಗೇ ಒಪ್ಪಿಸಿ, ಎಲ್ಲಿಡಬೇಕೋ ನೀನೇ ಇಡು ಎಂದೆ. ಅವಳು ಸ್ಪ್ಯಾನರುಗಳನ್ನೂ ಜಾಕನ್ನೂ ದಾಟಿ ನೇರವಾಗಿ ಬಂದು ನನ್ನ ಹಣೆಯ ತುಂಬ ಬಳಿದಳು.

"ಇಲ್ಲಿ ಧೈರ್ಯವಾಗಿ ಇಡಬಹುದು ಅಣ್ಣ. ಹೆಂಗೂ ಕಿಡಿ ಹಾರಲ್ಲ."