ದಿಬ್ಬದ ಕೆಳಗೆ ಆಡಿದ ಮಾತು

ಮರಳಿನ ದಿಬ್ಬದಿಂದ ಬಿದ್ದ ಆ ದಿನ ನಾಗರಾಜನಿಗೆ ಪ್ರಜ್ಞೆ ತಪ್ಪಿರಲಿಲ್ಲ. ತಪ್ಪಿತ್ತು ಎಂದು ಡಾಕ್ಟರಿಗೆ ಹೇಳಿದವನು ನಾನು. ಅವನನ್ನೂ ಹಾಗೆಯೇ ನಂಬಿಸಿದೆ. ಗೆಳೆಯನಿಗಾಗಿ ರೇಸನ್ನೇ ಬಿಟ್ಟು ಬಂದವನು ಎಂದು ಊರು ನನ್ನನ್ನು ಹೊಗಳಿತು — ನಾನು ತಲೆ ತಗ್ಗಿಸಿ, ವಿನಯದಿಂದ ಎಂಬಂತೆ, ಕೇಳಿಸಿಕೊಂಡೆ.

ಶಿಕಾರಿಪುರದಲ್ಲಿ ನನ್ನದೊಂದು ಪಂಪ್‌ಸೆಟ್ ಅಂಗಡಿಯಿದೆ. ನಾಗರಾಜ ಸೊರಬ ತಾಲ್ಲೂಕಿನ ಉಳವಿಯವನು. ಭತ್ತ, ಶುಂಠಿ ಬೆಳೆಯುತ್ತಾನೆ. ಒಮ್ಮೆ ಮೋಟರ್ ರಿಪೇರಿಗೆಂದು ಬಂದವನು ಅಂಗಡಿಯ ಮುಂದಿದ್ದ ನನ್ನ ಬೈಕ್ ನೋಡಿ, ಬಂದ ಕೆಲಸ ಮರೆತು ಮಾತಿಗೆ ನಿಂತ. ಸ್ನೇಹ ಬೆಳೆದದ್ದು ಹಾಗೆ. ಬೇಸಿಗೆಯಲ್ಲಿ ಕುಮುದ್ವತಿ ಬತ್ತಿದಾಗ ಹೊಳೆಯ ಮರಳಿನಲ್ಲಿ, ಈಸೂರಿನ ಕಡೆ ಮೆಕ್ಕೆಜೋಳ ಕೊಯ್ದ ಹೊಲಗಳಲ್ಲಿ ಬೈಕ್ ಓಡಿಸಿ ಕಲಿತೆವು. ರಾಜಸ್ಥಾನದ ಮರುಭೂಮಿಯಲ್ಲಿ ಹಲವು ದಿನ ನಡೆಯುವ ಒಂದು ರ್‍ಯಾಲಿಗೆ ನಮ್ಮಂಥ ಹವ್ಯಾಸಿಗಳೂ ಹೋಗಬಹುದು ಎಂದು ತಿಳಿದಾಗ ಇಬ್ಬರೂ ಹೊರಟೆವು. ಹೊರಡುವ ಮುಂಚೆ ಬಸ್ ಸ್ಟ್ಯಾಂಡಿನ ಎದುರು ಗೆಳೆಯರು ನಮ್ಮಿಬ್ಬರ ಫ್ಲೆಕ್ಸ್ ಹಾಕಿಸಿದರು. ಅದರಲ್ಲಿ ನನ್ನ ಮುಖವೇ ದೊಡ್ಡದಾಗಿತ್ತು.

ಮರುಭೂಮಿಗೆ ಹೋದ ಮೇಲೆ ನನಗೆ ಹೆದರಿಕೆ ಶುರುವಾಯಿತು. ಹೊಳೆಯ ಮರಳಿಗೂ ಆ ಮರಳಿಗೂ ಸಂಬಂಧವೇ ಇಲ್ಲ. ದಿಬ್ಬ ಹತ್ತಿ ನಿಂತರೆ ಆಚೆಯ ಇಳಿಜಾರು ಎಷ್ಟು ಆಳವೆಂದು ಕಾಣುವುದಿಲ್ಲ. ಮೊದಲ ದಿನವೇ ಹಲವು ಸಲ ಬಿದ್ದೆ. ಮರುದಿನ ಬೆಳಿಗ್ಗೆ, ತೊಡೆ ಮುರಿದ ಒಬ್ಬನನ್ನು ಹೊತ್ತೊಯ್ಯುವುದನ್ನು ನೋಡಿದೆ. ಅಂದಿನಿಂದ ಪ್ರತಿ ದಿಬ್ಬದ ನೆತ್ತಿಯಲ್ಲೂ ಬ್ರೇಕ್ ಹಿಡಿಯತೊಡಗಿದೆ. ವಾಪಸ್ ಹೋಗಬೇಕು — ಆದರೆ ಹೆದರಿ ಬಂದ ಎನ್ನಿಸಿಕೊಳ್ಳದೆ ಹೋಗಬೇಕು. ಮನಸ್ಸು ಒಂದು ಕಾರಣ ಹುಡುಕುತ್ತಲೇ ಇತ್ತು. ನಾಗರಾಜನಾದರೋ ದಿನದಿಂದ ದಿನಕ್ಕೆ ಚೆನ್ನಾಗಿ ಓಡಿಸುತ್ತಿದ್ದ. ಬೇರೆ ರಾಜ್ಯದವರೂ ಸಂಜೆ ಅವನನ್ನು ಹುಡುಕಿಕೊಂಡು ಬಂದು ಮಾತಾಡಿಸುತ್ತಿದ್ದರು.

ಅವನು ಬಿದ್ದ ಆ ಮಧ್ಯಾಹ್ನ ಅವನೇ ಮುಂದಿದ್ದ. ನಾನು ದಿಬ್ಬದ ನೆತ್ತಿಗೆ ಬರುವಷ್ಟರಲ್ಲಿ ಅವನ ಮುಂದಿನ ಚಕ್ರ ಹೂತು, ಬೈಕ್ ಮಗುಚಿ, ಅವನು ಉರುಳಿದ್ದು ಕಂಡಿತು. ಇಳಿಜಾರಿನಲ್ಲಿ ಓಡಿಸುವ ಧೈರ್ಯವಿಲ್ಲದೆ ಬೈಕನ್ನು ಮೇಲೆಯೇ ಬಿಟ್ಟು ಕೆಳಗೆ ಓಡಿದೆ. ನಾನು ಅರ್ಧ ದಾರಿ ಇಳಿಯುವ ಮೊದಲೇ ಅವನು ಎದ್ದು ಕೂತಿದ್ದ. ಬಾಯಿಯ ಮರಳು ಉಗಿದು ನಕ್ಕ.

"ಎಂತದೂ ಆಗ್ಲಿಲ್ಲ ಮಾರಾಯ. ಬಾ, ಗಾಡಿ ಎತ್ತು, ಹೋಗನ."

ಬೈಕಿಗೆ ಕೈ ಹಾಕಿದ ನಾನು, ಹ್ಯಾಂಡಲ್ ಹತ್ತಿರವಿದ್ದ ಕೆಂಪು ಗುಂಡಿ ಒತ್ತಿಬಿಟ್ಟೆ. ಅದನ್ನು ಒತ್ತಿದರೆ ವೈದ್ಯಕೀಯ ತಂಡ ಬರುತ್ತದೆ.

"ಯಾಕೆ ಒತ್ತಿದ್ಯ?" ಎಂದ.

"ನಿಂಗೆ ಎಚ್ಚರಾನೇ ಇರ್ಲಿಲ್ಲ ಕಣೋ. ಮೇಲಿಂದ ಎಷ್ಟು ಹೊತ್ತು ಕೂಗ್ದೆ ಗೊತ್ತಾ? ನಂಗೆ ಜೀವಾನೇ ಹೋಗಿತ್ತು."

ಅವನು ನನ್ನನ್ನೇ ನೋಡಿದ. "ಹೌದಾ? ನಂಗೆ ಈಗಷ್ಟೇ ಬಿದ್ದಂಗೆ ಆತಲ್ಲ..."

ಆಗಲೂ ಹೇಳಬಹುದಿತ್ತು. ಸುಮ್ಮನೆ ಭಯವಾಗಿ ಒತ್ತಿದೆ ಎಂದಿದ್ದರೆ ನಗುತ್ತಿದ್ದ, ಬೈಯುತ್ತಿದ್ದ, ಗಾಡಿ ಹತ್ತಿ ಹೊರಡುತ್ತಿದ್ದ. ನಾನು ಹೇಳಲಿಲ್ಲ. ಡಾಕ್ಟರ್ ಬಂದು ಕೇಳಿದಾಗ ಅದೇ ಸುಳ್ಳನ್ನು ಇನ್ನಷ್ಟು ಗಟ್ಟಿಯಾಗಿ ಹೇಳಿದೆ. ಅಷ್ಟು ಹೊತ್ತು ಪ್ರಜ್ಞೆ ಇಲ್ಲದವನನ್ನು ಮುಂದೆ ಓಡಿಸಲು ಬಿಡುವುದಿಲ್ಲ ಎಂದರು. ನಾಗರಾಜ ಕಣ್ಣೊರೆಸಿಕೊಂಡು ನನಗೆ ಹೇಳಿದ: "ನೀ ಹೋಗು. ನಿಂತು ಸಹಾಯ ಮಾಡ್ದವ್ರಿಗೆ ಕಳ್ಕಂಡ ಟೈಮ್ ರೇಸ್ ಲೆಕ್ಕದಲ್ಲಿ ವಾಪಸ್ ಕೊಡ್ತಾರೆ." ನಾನು "ನಿನ್ನ ಬಿಟ್ಟು ಎಲ್ಲಿಗೂ ಹೋಗಲ್ಲ" ಎಂದೆ.

ಊರಿನಲ್ಲಿ ನನಗೆ ಶಾಲು ಹೊದಿಸಿದರು. ಅವನ ಹೆಂಡತಿ ಸವಿತಾ, "ಅಣ್ಣಾ, ನೀವಿಲ್ದಿದ್ರೆ ಇವ್ರು ನಮ್ಗೆ ಸಿಗ್ತಿರ್ಲಿಲ್ಲ" ಎಂದು ಅತ್ತಳು.

ವಿಷಯ ಅಷ್ಟಕ್ಕೇ ಮುಗಿಯುತ್ತದೆ ಎಂದುಕೊಂಡಿದ್ದೆ. ಆದರೆ ನಾಗರಾಜನಿಗೆ ತನ್ನ ತಲೆಯ ಮೇಲೆಯೇ ಅಪನಂಬಿಕೆ ಹುಟ್ಟಿತು. ಬೈಕ್ ಮಾರಿದ. ಟ್ರ್ಯಾಕ್ಟರಿಗೆ ಡ್ರೈವರ್ ಇಟ್ಟ. ದಾರಿಯಲ್ಲಿ ತಲೆ ತಿರುಗಿದರೆ ಎಂದು ಮಗಳನ್ನು ಸ್ಕೂಟರ್ ಹಿಂದೆ ಕೂರಿಸಿಕೊಳ್ಳುವುದನ್ನೂ ಬಿಟ್ಟ. ಸಣ್ಣ ತಲೆನೋವು ಬಂದರೂ ಮುಖ ಬಿಳುಚಿಕೊಳ್ಳುತ್ತಿತ್ತು.

ಹೋದ ಬೇಸಿಗೆಯಲ್ಲಿ ಅವನನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋದವನೂ ನಾನೇ. ಸ್ಕ್ಯಾನ್ ನೋಡಿದ ಡಾಕ್ಟರ್ ಎಲ್ಲ ಸರಿಯಾಗಿದೆ ಎಂದರೂ ಅವನು ಒಪ್ಪಲಿಲ್ಲ. "ಅಲ್ರೀ ಡಾಕ್ಟ್ರೇ, ಅಷ್ಟು ಹೊತ್ತು ಎಚ್ಚರ ಇರ್ಲಿಲ್ಲ. ಒಳಗೆ ಏನಾದ್ರೂ ಇದ್ದೇ ಇರ್ತತೆ. ಬೇಕಿದ್ರೆ ಇವ್ನನ್ನೇ ಕೇಳಿ." ಡಾಕ್ಟರ್ ನನ್ನ ಕಡೆ ತಿರುಗಿದರು. ನಾನು ಹೌದೆಂದು ತಲೆಯಾಡಿಸಿದೆ.

ಮರುಭೂಮಿಯಲ್ಲಿ ಹೇಳಿದ್ದು ಹೆದರಿಕೆಯ ಸುಳ್ಳು ಎಂದಾದರೂ ನನಗೆ ನಾನೇ ಹೇಳಿಕೊಳ್ಳಬಹುದಿತ್ತು. ಇದಕ್ಕೆ ಏನು ಹೆಸರಿಡಲಿ? ಎದುರಿಗೆ ಬಿಸಿಲಿರಲಿಲ್ಲ, ದಿಬ್ಬವಿರಲಿಲ್ಲ. ಫ್ಯಾನ್ ತಿರುಗುತ್ತಿತ್ತು. ಒಂದೇ ಮಾತು ಹೇಳಿದ್ದರೆ ಅವನ ಭಯ ಅಲ್ಲಿಯೇ ಬಿಟ್ಟುಹೋಗುತ್ತಿತ್ತು.

ಹೋದ ವಾರ ಉಳವಿಗೆ ಹೋದೆ. ಅಂಗಳದಲ್ಲಿ ಬಿತ್ತನೆ ಶುಂಠಿ ಆರಿಸುತ್ತ ಕೂತಿದ್ದ. ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ. ಅವನು ಕೇಳಿಸಿಕೊಳ್ಳುತ್ತ ಕೊಳೆತದ್ದನ್ನು ಒಂದು ಕಡೆ, ಒಳ್ಳೆಯದನ್ನು ಒಂದು ಕಡೆ ಹಾಕುತ್ತಲೇ ಇದ್ದ. ನಾನು ನಿಲ್ಲಿಸಿದ ಮೇಲೆ ಕೇಳಿದ:

"ಹಂಗಾರೆ ನನ್ ತಲೆಗೆ ಎಂತದೂ ಆಗಿಲ್ಲ?"

"ಇಲ್ಲ."

"ಆವತ್ತೂ?"

"ಆವತ್ತೂ ಇಲ್ಲ."

ಮಣ್ಣಾದ ಕೈಯನ್ನು ತಲೆಯ ಮೇಲಿಟ್ಟುಕೊಂಡು ಹಾಗೇ ಕೂತ. ಬೈಯಲಿ ಎಂದು ಕಾದೆ. ಹೊಡೆದಿದ್ದರೂ ನೆಮ್ಮದಿಯಾಗುತ್ತಿತ್ತೇನೋ — ಆದರೆ ಅವನೇಕೆ ನನಗೆ ನೆಮ್ಮದಿ ಕೊಡಬೇಕು? ಒಳಗಿಂದ ಸವಿತಾ ಚಹಾ ತಂದಳು. ಅವಳು ಲೋಟ ಇಟ್ಟು ಒಳಗೆ ಹೋದ ಮೇಲೆ ಅವನು ಎದ್ದು ನಿಂತ.

"ಚಾ ಕುಡ್ಕಂಡು ಹೋಗಿ. ಬಸ್ಸು ಇನ್ನೂ ಐತಿ," ಎಂದ.

ನಮ್ಮ ಇಷ್ಟು ವರ್ಷದ ಸ್ನೇಹದಲ್ಲಿ ಅವನು ನನಗೆ ಬಹುವಚನ ಹಚ್ಚಿದ್ದು ಅದೇ ಮೊದಲು.

ಕ್ಷಮಿಸು ಎಂದು ನಾನು ಕೇಳಲಿಲ್ಲ; ಕೇಳುವುದೂ ಇಲ್ಲ. ಅವನಿನ್ನೂ ಫೋನ್ ಮಾಡಿಲ್ಲ. ಸವಿತಾಗೆ ಅವನು ಹೇಳಿದ್ದಾನೋ ಇಲ್ಲವೋ ತಿಳಿಯದು. ಅವಳಿಗೂ ನಾನೇ ಹೇಳಬೇಕು. ಈ ಭಾನುವಾರ ನಮ್ಮ ಬೈಕ್ ಗೆಳೆಯರು ಶಿಕಾರಿಪುರದಲ್ಲಿ ಸೇರುತ್ತಾರೆ. ಹೊಸದಾಗಿ ಬಂದವರ ಮುಂದೆ ಯಾರಾದರೊಬ್ಬರು ನನ್ನ ಭುಜ ತಟ್ಟಿ ಆ ದಿನದ ಕಥೆ ಶುರುಮಾಡೇ ಮಾಡುತ್ತಾರೆ. ಅವರನ್ನು ಅಲ್ಲಿಯೇ ತಡೆದು, ಈ ಸಲ ನಾನು ಹೇಳುತ್ತೇನೆ.