ಅವ್ವನ ಕಡೆ, ಅಪ್ಪನ ಕಡೆ

ಅವ್ವ ತೀರಿಕೊಂಡ ಮೇಲೂ ನಮ್ಮ ಮನೆಯಲ್ಲಿ ಅವಳ ದನಿ ನಿಲ್ಲಲಿಲ್ಲ. ಕಾರಣ ನಾನು. ಕಂಡವರ ದನಿ ತೆಗೆಯುವುದು ನನ್ನ ಚಟ. ಮಿಯಾಪುರದ ಮೆಟ್ರೋದಲ್ಲಿ ಮೂರು ಭಾಷೆಯಲ್ಲಿ ಸ್ಟೇಷನ್ ಹೆಸರು ಹೇಳುವ ಹೆಂಗಸು, ನೀರಿನ ಟ್ಯಾಂಕರ್ ಬಂದಾಗಲೆಲ್ಲ ಭಾಷಣ ಮಾಡುವ ಅಪಾರ್ಟ್‌ಮೆಂಟಿನ ಸೆಕ್ರೆಟರಿ, ರಕ್ಷಣಾ ಕಾರ್ಖಾನೆಯಿಂದ ನಿವೃತ್ತನಾದರೂ ಸೈರನ್ ಕೇಳಿದವನಂತೆ ದಡಕ್ಕನೆ ಏಳುವ ಅಪ್ಪ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದಾರೆ. ಮನೆಯ ಮಾಲೀಕನಿಗೇ ಅಲ್ಲಿ ಜಾಗ ಕಡಿಮೆ. ಒಬ್ಬ ಹುಡುಗಿಗೆ ಫೋನಿನಲ್ಲಿ ಧೈರ್ಯ ಮಾಡಿ ಮನಸ್ಸು ಬಿಚ್ಚಿದಾಗ ಅವಳು, "ಈಗ ಯಾರ ಮಿಮಿಕ್ರಿ ಇದು?" ಎಂದು ಕೇಳಿದ್ದಳು.

ಅವ್ವನ ದನಿಯನ್ನು ಮಾತ್ರ ನಾನಾಗಿಯೇ ತೆಗೆಯುತ್ತಿರಲಿಲ್ಲ. ಹಬ್ಬದ ಊಟಕ್ಕೆ ಕೂತಾಗ ಅಪ್ಪನೇ ಕೇಳುತ್ತಿದ್ದ. "ಇನ್ನೊಂದು ಹೋಳಿಗಿ ಹಾಕ್ಸಿಕೊಳ್ರಿ" ಎಂದು ಅವಳ ದನಿಯಲ್ಲಿ ಅಂದರೆ ಕಣ್ಣು ಮುಚ್ಚಿ ತಟ್ಟೆ ಮುಂದೆ ಮಾಡುತ್ತಿದ್ದ. ಅಕ್ಕ ಆಗ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು.

ಅವ್ವ ಹೋದದ್ದು ಅಂಡಾಶಯದ ಕ್ಯಾನ್ಸರಿನಿಂದ. ಆಮೇಲೆ ಕಲಬುರಗಿಯಲ್ಲಿರುವ ಅವಳ ತಂಗಿಗೆ, ನಮ್ಮ ಚಿಕ್ಕವ್ವನಿಗೆ, ಎದೆಯಲ್ಲಿ ಗಂಟು ಬಂತು. ಅಲ್ಲಿಯ ಡಾಕ್ಟರು ಜೀನ್ ಪರೀಕ್ಷೆ ಮಾಡಿಸಿದರು. ತಾಯಿ ತಂದೆಯಿಂದ ಮಕ್ಕಳಿಗೆ ಇಳಿದು ಬರುವ ದೋಷವೊಂದು ಸಿಕ್ಕಿತು. ರಕ್ತಸಂಬಂಧಿಗಳೆಲ್ಲ ನೋಡಿಸಿಕೊಳ್ಳಿ ಎಂದರು. ಹೀಗೆ ನಾವು ಹಿಮಾಯತ್‌ನಗರದ ಒಂದು ಲ್ಯಾಬಿಗೆ ಹೋದದ್ದು, ಅಕ್ಕನಿಗಾಗಿ. ಮೆಹದಿಪಟ್ಟಣಂನಲ್ಲಿ ಅವಳ ಸಂಸಾರ. ಇಬ್ಬರು ಮಕ್ಕಳು ಇನ್ನೂ ಶಾಲೆಯಲ್ಲಿದ್ದಾರೆ. ಅವಳ ಹೊಟ್ಟೆಯಲ್ಲೂ ಅದೇ ಕಾದು ಕೂತಿದೆಯೇ ಎಂಬುದೊಂದೇ ನಮಗೆ ತಿಳಿಯಬೇಕಿತ್ತು. ಅಪ್ಪ ಕಾರು ಓಡಿಸಲು ಬಂದಿದ್ದ. "ಅದು ನಿಮ್ಮವ್ವನ ಕಡೀದು, ನನಗೇನು ಸಂಬಂಧಿಲ್ಲ" ಎಂದು ದಾರಿಯುದ್ದಕ್ಕೂ ಹೇಳಿದ್ದ.

ಕೌನ್ಸೆಲರ್ ಮೇಡಂ ಹಾಳೆಯ ಮೇಲೆ ಹೆಂಗಸರಿಗೆ ದುಂಡು, ಗಂಡಸರಿಗೆ ಚೌಕ ಬರೆಯುತ್ತಾ ಹೋದರು. ತೀರಿಕೊಂಡವರ ಮೇಲೆ ಒಂದು ಓರೆ ಗೀಟು. "ನನ್ನ ಚೌಕವನ್ನು ಸ್ವಲ್ಪ ಸಣ್ಣದು ಮಾಡಿ, ತೂಕ ಇಳಿಸುತ್ತಿದ್ದೇನೆ," ಎಂದೆ. ಅವರು ನಕ್ಕರು. ಅಕ್ಕ ನನ್ನ ಕಾಲು ತುಳಿದಳು.

"ಅಮ್ಮನ ತಾಯಿ ಹೇಗೆ ಹೋದರು?" ಎಂದು ಮೇಡಂ ಹಿಂದಿಯಲ್ಲಿ ಕೇಳಿದರು.

"ಹೊಟ್ಟೆಯಲ್ಲಿ ನೀರು ತುಂಬಿ," ಎಂದ ಅಪ್ಪ.

"ಅಂದರೆ ನಿಮ್ಮ ಅತ್ತೆ."

"ಹಾಂ ಜೀ. ಸಾಸ್ ಭೀ, ಬಡೀ ಬೆಹೆನ್ ಭೀ."

ಅತ್ತೆಯೂ ಹೌದು, ಅಕ್ಕನೂ ಹೌದು. ಮೇಡಂ ಅವರ ಪೆನ್ನು ನಿಂತಿತು.

ನಮ್ಮ ಕಡೆ ಇದರಲ್ಲಿ ವಿಶೇಷವೇನಿಲ್ಲ. ಅಕ್ಕನ ಮಗಳನ್ನು ತಂದುಕೊಳ್ಳುವುದು ತಮ್ಮನ ಹಕ್ಕು. ಅಪ್ಪ ತನ್ನ ಸ್ವಂತ ಅಕ್ಕನ ಮಗಳನ್ನೇ ಮದುವೆಯಾದವನು. ಅಪ್ಪನ ಆ ಅಕ್ಕ ನಾವು ಹುಟ್ಟಿದಾಗಿನಿಂದ ನಮಗೆ ಅಜ್ಜಿ, ಅವ್ವನ ಅವ್ವ, ಅಷ್ಟೇ. ರೋಗದ ಲೆಕ್ಕ ಹಾಕುವಾಗ ಅವಳು ಅಪ್ಪನ ಒಡಹುಟ್ಟಿದವಳೂ ಹೌದೆಂಬುದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಮೇಡಂ ಅಜ್ಜಿಯ ದುಂಡಿನಿಂದ ಅಪ್ಪನ ಚೌಕಕ್ಕೆ ಒಂದು ಗೆರೆ ಎಳೆದರು. ಹಾಳೆಯ ಮೇಲೆ ನಮ್ಮ ವಂಶ ಉರುಳಿನಂತೆ ಕಂಡಿತು.

"ನಿಮ್ಮ ರಕ್ತವೂ ಬೇಕು," ಎಂದರು.

"ನನ್ನದ್ಯಾಕೆ? ನಾನು ಗಂಡಸು."

ಗಂಡಸರಲ್ಲೂ ಅದು ಸದ್ದಿಲ್ಲದೆ ಇರುತ್ತದೆ, ಮಕ್ಕಳಿಗೆ ದಾಟುತ್ತದೆ ಎಂದು ಮೇಡಂ ಮೆಲ್ಲಗೆ ತಿಳಿಸಿದರು. ಅಪ್ಪ ಅಂಗಿಯ ತೋಳು ಮಡಚಿದ. ಮೂವರೂ ರಕ್ತ ಕೊಟ್ಟೆವು.

ಕೆಲವು ವಾರಗಳಾದ ಮೇಲೆ ಅದೇ ಕೋಣೆಯಲ್ಲಿ ಫಲಿತಾಂಶ ಹೇಳಿದರು. ನನ್ನಲ್ಲಿ ಇಲ್ಲ. ಅಕ್ಕನಲ್ಲಿ ಇದೆ. ಅಪ್ಪನಲ್ಲೂ ಇದೆ. ಅವ್ವನ ರಕ್ತ ನೋಡಲು ಅವ್ವ ಉಳಿದಿರಲಿಲ್ಲ. ಇದ್ದಿದ್ದರೆ ಅವಳಲ್ಲೂ ಸಿಗುತ್ತಿತ್ತು, ಬಹುತೇಕ ಖಾತ್ರಿ ಎಂದರು.

"ಮಗಳಿಗೆ ಕೊಟ್ಟದ್ದು ನಾನೋ, ಅವಳೋ?" ಎಂದು ಅಪ್ಪ ಕೇಳಿದ.

ಇಬ್ಬರದೂ ಒಂದೇ ಮೂಲದಿಂದ ಬಂದದ್ದು, ಯಾರಿಂದ ಇಳಿಯಿತೆಂದು ಯಾವ ಪರೀಕ್ಷೆಯೂ ಹೇಳಲಾರದು ಎಂದರು ಮೇಡಂ. ಅಪ್ಪ ನನ್ನ ಕಡೆ ತಿರುಗಿ, "ಏನಂದ್ರೋ?" ಎಂದ. ನಲವತ್ತು ವರ್ಷ ಈ ಊರಲ್ಲಿ ಹಿಂದಿ ಆಡಿದವನಿಗೆ ಅದನ್ನು ಕನ್ನಡದಲ್ಲಿ ಇನ್ನೊಮ್ಮೆ ಹೇಳಬೇಕಾಯಿತು.

ಅಕ್ಕನಿಗೆ ಡಾಕ್ಟರು ಹೇಳಿದ್ದು ನೇರವಾಗಿತ್ತು. ಎದೆಯನ್ನು ವರ್ಷವರ್ಷ ಸ್ಕ್ಯಾನ್ ಮಾಡಿಸುತ್ತಿರಬೇಕು. ಅಂಡಾಶಯದ ಕ್ಯಾನ್ಸರನ್ನು ಮೊದಲೇ ಹಿಡಿಯುವ ಭರವಸೆಯ ಪರೀಕ್ಷೆ ಇಲ್ಲ. ಆದ್ದರಿಂದ ಅಂಡಾಶಯಗಳನ್ನೂ ಅಂಡನಾಳಗಳನ್ನೂ ತೆಗೆಸುವುದು ಒಳ್ಳೆಯದು, ತಡ ಮಾಡಬೇಡಿ.

ಅಕ್ಕನನ್ನು ಮನೆಗೆ ಬಿಡಲು ಹೊರಟೆವು. ಮೆಹದಿಪಟ್ಟಣಂನ ಬಸ್ಸುಗಳ ನಡುವೆ ಕಾರು ಸಿಕ್ಕಿಕೊಂಡಿತು. ಹಿಂದಿನ ಸೀಟಿನಲ್ಲಿ ಅಕ್ಕ ಮಕ್ಕಳ ಶಾಲೆಯ ಪರೀಕ್ಷೆ, ತನ್ನ ಅತ್ತೆಯ ಮೊಣಕಾಲು ನೋವು ಎಂದು ಒಂದೊಂದೇ ನೆಪ ತೆಗೆಯುತ್ತಿದ್ದಳು. ಅಪ್ಪ ನನ್ನ ಕಡೆ ಬಾಗಿ ತಗ್ಗಿದ ದನಿಯಲ್ಲಿ ಅಂದ:

"ನನ್ನ ಮಾತು ಕೇಳಂಗಿಲ್ಲ ಅಕಿ. ನಿಮ್ಮವ್ವನಂಗ ಹೇಳು. ಮಾಡಿಸ್ಕೋ ಅಂತ ಹೇಳು."

"ಅಪ್ಪಾ, ಇದಕ್ಕ ಬ್ಯಾಡ."

"ಒಂದ್ ಸಲ ಹೇಳೋ ತಮ್ಮಾ."

ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಹಿಂದಿನಿಂದ ಬಂತು:

"ಏನೂ ಬ್ಯಾಡ. ನನಗೇನಾಗೇತಿ? ಗಟ್ಟಿ ಅದೀನಿ. ನೀವು ಹೊಟ್ಟಿ ತುಂಬ ಉಂಡ್ರ ಸಾಕು."

ಅದು ಅವ್ವ. ಕೊನೆಯ ಪದದ ಮೇಲೆ ಉಸಿರು ಸಾಲದೆ ದನಿ ಒಳಗೆ ಬೀಳುವುದು, ಆಮೇಲೆ ಮೂಗಿನಲ್ಲಿ ಸಣ್ಣ ನಗು. ಹೊಟ್ಟೆ ಉಬ್ಬಿ ಸೀರೆಯ ನೆರಿಗೆ ನಿಲ್ಲದಾದಾಗಲೂ, ದವಾಖಾನೆಗೆ ನಡಿ ಎಂದವರಿಗೆಲ್ಲ ಅವಳು ಇದೇ ಮಾತನ್ನು ಹೀಗೇ ಹೇಳುತ್ತಿದ್ದಳು. ಈ ದನಿಯನ್ನು ನಾನು ಯಾವ ಹಬ್ಬದಲ್ಲೂ ತೆಗೆದವನಲ್ಲ. ನನಗೆ ಬರುವುದೂ ಇಲ್ಲ.

ಅಪ್ಪ ಕನ್ನಡಿಯಲ್ಲಿ ಹಿಂದೆ ನೋಡಿದ. ಮುಂದಿನ ಬಸ್ಸು ಹೋಗಿಬಿಟ್ಟಿತ್ತು, ಹಿಂದೆ ಹಾರ್ನು ಹೊಡೆಯುತ್ತಿದ್ದರು, ಅವನ ಕಾಲು ಬ್ರೇಕಿನಿಂದ ಏಳಲಿಲ್ಲ. ಅಕ್ಕ ತನ್ನ ಬಾಯಿಯ ಮೇಲೆ ತಾನೇ ಕೈ ಇಟ್ಟುಕೊಂಡಿದ್ದಳು. ಅವಳಿಗೂ ಕೇಳಿಸಿತ್ತು.

ಕೈ ತೆಗೆದು, "ಫೋನ್ ಹಚ್ಚು," ಎಂದಳು. "ಆಪರೇಷನ್ ತಾರೀಖು ಯಾವಾಗ ಕೊಡ್ತಾರ ಕೇಳು. ಮನೀಗೆ ಹೋದ್ರ ನನ್ನ ಮನಸ್ಸು ಮತ್ತ ತಿರಗತೈತಿ."

ಹಚ್ಚಿದೆ. ಆಸ್ಪತ್ರೆಯ ಹೆಂಗಸು ರೋಗಿಯ ಹೆಸರು ಕೇಳಿದಳು, ಹೇಳಿದೆ. ವಯಸ್ಸು ಕೇಳಿದಳು. ಅಕ್ಕ ಮುಂದೆ ಬಾಗಿ ನನ್ನ ಕೈಯಿಂದ ಫೋನು ತೆಗೆದುಕೊಂಡು ತಾನೇ ಹೇಳಿದಳು.